ಸಾಲ ತೀರುವವರೆಗೆ ಓಡುವ ಲೂಪ್

ಪ್ರಶ್ನೆ: ನಮ್ಮ ಮಹಿಳಾ ಸ್ವಸಹಾಯ ಸಂಘಕ್ಕೆ ಜೆಕಿಲ್ ಎಂಬ ಸಾಫ್ಟ್‌ವೇರ್‌ನಲ್ಲಿ ವೆಬ್‌ಸೈಟ್ ಮಾಡುತ್ತಿದ್ದೇನೆ. ಸಾಲದ ಕಂತಿನ ಪಟ್ಟಿ ಅದರಲ್ಲೇ ತಯಾರಾಗಬೇಕು. 10,000 ರೂಪಾಯಿ ಸಾಲ, ತಿಂಗಳಿಗೆ 1,500 ಕಂತು, ಬಾಕಿಯ ಮೇಲೆ ತಿಂಗಳಿಗೆ ನೂರಕ್ಕೆ 1 ರೂಪಾಯಿ ಬಡ್ಡಿ. ಬಾಕಿ ಸೊನ್ನೆ ಆಗುವವರೆಗೆ ಸಾಲುಗಳು ಬರಬೇಕು. ಆದರೆ ಜೆಕಿಲ್‌ನ ಪುಟಗಳಲ್ಲಿ ಬಳಸುವ ಲಿಕ್ವಿಡ್ ಭಾಷೆಯಲ್ಲಿ ವೈಲ್ ಲೂಪೇ (ಷರತ್ತು ನಿಜವಾಗಿರುವವರೆಗೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆದೇಶ) ಇಲ್ಲವಲ್ಲ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹೌದು ಮೇಡಂ, ಇಲ್ಲ. ಆದರೆ ಎಣಿಸಿದಷ್ಟು ಸಲ ಸುತ್ತುವ ಫಾರ್ ಇದೆ, ಜೊತೆಗೆ ಲೂಪನ್ನು ನಡುವೆಯೇ ನಿಲ್ಲಿಸುವ ಬ್ರೇಕ್ ಇದೆ. ಅಷ್ಟು ಸಾಕು.

1ರಿಂದ 60ರವರೆಗೆ ಫಾರ್ ಲೂಪ್ ಹಾಕಿ, ತಿಂಗಳಿಗೊಂದು ಸುತ್ತು. ಸಂಘದ ಸಾಲ ಐದು ವರ್ಷ ದಾಟುವುದಿಲ್ಲ, ಅಲ್ವಾ? ಒಳಗೆ ಮೊದಲ ಕೆಲಸ, ಬಾಕಿ ಸೊನ್ನೆಯಾಗಿದ್ದರೆ ಬ್ರೇಕ್. ಇಲ್ಲದಿದ್ದರೆ ಬಡ್ಡಿ ಸೇರಿಸಿ, ಕಂತು ಕಳೆದು, ಉಳಿದದ್ದನ್ನು ಮತ್ತೆ ಬಾಕಿಗೇ ಅಸೈನ್ ಮಾಡಿ, ಅಂದರೆ ಬಾಕಿ ಎಂಬ ಹೆಸರಿನಲ್ಲೇ ಇಡಿ. ಬಡ್ಡಿ ಸೇರಿಸಿದ ಮೇಲೂ ಬಾಕಿ ಕಂತಿಗಿಂತ ಕಡಿಮೆ ಇದ್ದರೆ ಆ ಬಾಕಿಯೇ ಕೊನೆಯ ಕಂತು. ನಿಮ್ಮ ಲೆಕ್ಕದಲ್ಲಿ ಮೊದಲ ತಿಂಗಳು 8,600 ಉಳಿಯುತ್ತದೆ, ಎರಡನೇ ತಿಂಗಳು 7,186. ಏಳನೇ ತಿಂಗಳು 1,401 ರೂಪಾಯಿ 5 ಪೈಸೆ ಕಟ್ಟಿದರೆ ಸಾಲ ತೀರಿತು.

ಭಾಗಾಕಾರದಲ್ಲಿ ಹುಷಾರು. ಸುಮ್ನೆ 100ರಿಂದ ಭಾಗಿಸಿದರೆ ಲಿಕ್ವಿಡ್ ಪೈಸೆಯನ್ನು ಬಿಟ್ಟುಬಿಡುತ್ತದೆ. ಮೂರನೇ ತಿಂಗಳ ಬಡ್ಡಿ 71.86 ಬರಬೇಕಾದ ಕಡೆ 71 ಬರುತ್ತದೆ. 100.0 ಅಂತ ಬರೆಯಿರಿ. ರೌಂಡ್ ಮಾಡುವುದು ಪಟ್ಟಿಯಲ್ಲಿ ತೋರಿಸುವಾಗ ಮಾತ್ರ.

ವೈಲ್ ಇಲ್ಲದಿರುವುದು ಕೊರತೆ ಅಂತ ನನಗೆ ಅನಿಸುವುದಿಲ್ಲ. ಯಾರೋ ಕಂತಿನ ಜಾಗದಲ್ಲಿ 100 ಅಂತ ಬರೆದರು ಅಂದುಕೊಳ್ಳಿ. ಬಡ್ಡಿಯೂ 100, ಕಂತೂ 100. ಬಾಕಿ 10,000 ಬಿಟ್ಟು ಕದಲುವುದಿಲ್ಲ. ವೈಲ್ ಆಗಿದ್ದರೆ ಲೂಪ್ ಮುಗಿಯುತ್ತಲೇ ಇರಲಿಲ್ಲ. ಲಿಕ್ವಿಡ್ ಹುಟ್ಟಿದ್ದು ಆನ್‌ಲೈನ್ ಅಂಗಡಿಗಳನ್ನು ನಡೆಸಲು ನೆರವಾಗುವ ಶಾಪಿಫೈ ಕಂಪನಿಗೆ. ಅಲ್ಲಿ ಅಂಗಡಿಯವರು ಬರೆದ ಟೆಂಪ್ಲೇಟ್ (ಪುಟದ ಅಚ್ಚು) ಕಂಪನಿಯ ಸರ್ವರ್‌ನಲ್ಲೇ ಓಡಬೇಕು. ಒಬ್ಬರ ಲೂಪ್ ಸಿಕ್ಕಿಹಾಕಿಕೊಂಡರೆ ಎಲ್ಲರಿಗೂ ತೊಂದರೆ. ನಿಮ್ಮ ಲೂಪ್ ಏನೇ ಆದರೂ 60ಕ್ಕೆ ನಿಲ್ಲುತ್ತದೆ. ಅದು ಮುಗಿದ ಮೇಲೆ ಬಾಕಿ ಇನ್ನೂ ಇದೆಯಾ ನೋಡಿ, ಇದ್ದರೆ ಪಟ್ಟಿಯ ಕೆಳಗೆ ‘ಈ ಕಂತು ಸಾಲದು’ ಅಂತ ಬರಲಿ.

ಇನ್ನೊಂದು ವಿಷಯ. ನಮ್ಮ ಕಡೆ ಅಡಿಕೆ ಮಾರಿದ ತಿಂಗಳು ಕೆಲವರು ಒಂದೇ ಸಲ ಜಾಸ್ತಿ ಕಟ್ಟುತ್ತಾರೆ. ಅದನ್ನು ಡೇಟಾ ಫೈಲ್‌ನಲ್ಲಿ ತಿಂಗಳ ಸಂಖ್ಯೆಯ ಜೊತೆ ಬರೆದಿಡಿ, ಆ ಸುತ್ತು ಬಂದಾಗ ಕಂತಿಗೆ ಸೇರಿಸಿ. ಆದರೆ ಪ್ರತಿ ಸುತ್ತಿನ ಶುರುವಿನಲ್ಲೂ ಕಂತನ್ನು ಮತ್ತೆ 1,500ಕ್ಕೆ ತನ್ನಿ. ಲಿಕ್ವಿಡ್‌ನಲ್ಲಿ ಅಸೈನ್ ಮಾಡಿದ ಸಂಖ್ಯೆ ಸುತ್ತು ಮುಗಿದರೂ ಹಾಗೇ ಇರುತ್ತದೆ. ಮರೆತರೆ ಮುಂದಿನ ತಿಂಗಳೂ ಬಾಕಿಯಿಂದ ಆ ಜಾಸ್ತಿ ಮೊತ್ತವೇ ಕಡಿತವಾಗುತ್ತದೆ.