ಬರಹಗಾರರಿಗೆ ಸಲಹೆ: ಗೀಶಿ ವೈಲಿಯ ಕಣ್ಣೀರು ಕಂಡವರು ಯಾರು?

ನಮಸ್ಕಾರ,

ಗೀಶಿ ವೈಲಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಿಷಯ ಕೈಬಿಡಬೇಡಿ. ಅಮೆರಿಕದ ಕಪ್ಪು ಜನರ ಹಾಡುಗಾರಿಕೆಯಾದ ಬ್ಲೂಸ್‌ನ ಈ ಗಾಯಕಿಯ ಹೆಸರು ಕೇಳಿದವರೇ ನಮ್ಮಲ್ಲಿ ಕಮ್ಮಿ.

ಮೊದಲ ನಾಲ್ಕು ಪುಟ ಪೂರ್ತಿ ತೆಗೆಯಿರಿ. ಗುಲಾಮಗಿರಿ, ಹತ್ತಿ ಹೊಲ, ಮಿಸಿಸಿಪ್ಪಿ ನದಿ ಎಲ್ಲ ಬಂದು ಹೋಗುತ್ತವೆ, ವೈಲಿ ಮಾತ್ರ ಬರುವುದಿಲ್ಲ. ಐದನೇ ಪುಟದಲ್ಲಿ ಬಂದವಳು ಸ್ಟುಡಿಯೋದಲ್ಲಿ ಕಣ್ಣೀರು ಒರೆಸಿಕೊಂಡು ಹಾಡುತ್ತಾಳೆ. ಅದನ್ನು ಕಂಡವರು ಯಾರು?

ನಮಗೆ ಸಿಕ್ಕಿರುವುದು ಆರು ಹಾಡು. 1930ರಲ್ಲಿ ವೈಲಿ ಮತ್ತು ಎಲ್.ವಿ. ಥಾಮಸ್ ಎಂಬ ಇಬ್ಬರು ಹೆಂಗಸರು ಟೆಕ್ಸಸ್‌ನಿಂದ ವಿಸ್ಕಾನ್ಸಿನ್‌ನ ಗ್ರಾಫ್ಟನ್‌ಗೆ ಹೋದರು. ಅಲ್ಲಿ ಹಾಡಿನ ಪ್ಲೇಟು ಮಾಡುವ ಪ್ಯಾರಾಮೌಂಟ್ ಕಂಪನಿಯ ಸ್ಟುಡಿಯೋ ಇತ್ತು. ಅದರ ಮಾಲೀಕರು ಕುರ್ಚಿ ಮಾಡುವವರು! ಗ್ರಾಮಫೋನ್ ಪೆಟ್ಟಿಗೆ ಮಾಡುತ್ತಾ ಮಾಡುತ್ತಾ ಪ್ಲೇಟಿನ ವ್ಯಾಪಾರಕ್ಕೂ ಇಳಿದರು. ಅಗ್ಗದ ಮಾಲು, ಅದಕ್ಕೇ ಅಷ್ಟು ಕರಕರ ಸದ್ದು. ಜನರ ಕೈಯಲ್ಲಿ ದುಡ್ಡಿಲ್ಲದ ಕಾಲ ಬೇರೆ, ಪ್ಲೇಟು ಖರ್ಚಾಗಲಿಲ್ಲ. ಈ ಇಬ್ಬರು ಹೆಂಗಸರ ಒಂದೊಂದು ಪ್ಲೇಟಿನ ಹತ್ತು ಪ್ರತಿಯೂ ಇವತ್ತು ಉಳಿದಿಲ್ಲ. ಇದನ್ನು ನೀವು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಕಥೆ ಇರುವುದೇ ಇಲ್ಲಿ ಅಲ್ವಾ?

ಥಾಮಸ್‌ಗಂತೂ ಅನ್ಯಾಯವಾಗಿದೆ. ‘ಜೊತೆಗಾತಿ’ ಅಂತ ಬರೆದು ಮುಂದೆ ಹೋಗಿದ್ದೀರಿ. ಆರರಲ್ಲಿ ಎರಡು ಹಾಡು ಅವರ ಹೆಸರಲ್ಲೇ ಬಂದಿವೆ. ವೈಲಿ ಬಗ್ಗೆ ಗೊತ್ತಾಗಿದ್ದರಲ್ಲಿ ಬಹುಪಾಲಿಗೆ ದಾರಿ ತೋರಿಸಿದ್ದೂ ಅವರ ಮಾತೇ. 1961ರಲ್ಲಿ ಮ್ಯಾಕ್ ಮೆಕಾರ್ಮಿಕ್ ಎಂಬ ಸಂಶೋಧಕ ಥಾಮಸ್‌ರನ್ನು ಮಾತಾಡಿಸಿ ಬರೆದಿಟ್ಟುಕೊಂಡ. ಆ ಹೊತ್ತಿಗೆ ಥಾಮಸ್ ಬ್ಲೂಸ್ ಬಿಟ್ಟು ಚರ್ಚು ಹಿಡಿದಿದ್ದರು. ಬರೆದಿಟ್ಟಿದ್ದು ಐವತ್ತು ವರ್ಷ ಅವನ ಕಾಗದದ ರಾಶಿಯಲ್ಲೇ ಬಿದ್ದಿತ್ತು. 2014ರಲ್ಲಿ ಪತ್ರಕರ್ತ ಜಾನ್ ಜೆರೆಮಯ ಸಲಿವನ್ ಬರೆದಾಗಲೇ ವೈಲಿಯ ನಿಜವಾದ ಹೆಸರು ಲಿಲ್ಲಿ ಮೇ ಅಂತ ಹೊರಗೆ ಬಂದಿದ್ದು. ನಾನಾಗಿದ್ದರೆ ಲೇಖನದ ಅರ್ಧ ಥಾಮಸ್‌ಗೇ ಕೊಡುತ್ತಿದ್ದೆ.

ಇನ್ನು ಕೊಲೆ. 1931ರಲ್ಲಿ ಗಂಡ ಥಾರ್ನ್‌ಟನ್ ವೈಲಿ ಚೂರಿ ಇರಿತದಿಂದ ಸತ್ತ. ಮರಣಪತ್ರದಲ್ಲಿ ಇರಿದವಳು ಅಂತ ಲಿಲ್ಲಿ ಮೇ ಹೆಸರಿದೆ. ನೀವು ಇದಕ್ಕೆ ಮಳೆ, ಕತ್ತಲು, ಗಂಡ ಹೆಂಡತಿ ಜಗಳದ ಡೈಲಾಗು ಎಲ್ಲ ಸೇರಿಸಿದ್ದೀರಿ. ಅವನ್ನು ಸಿನಿಮಾಕ್ಕೆ ಇಟ್ಟುಕೊಳ್ಳಿ. ಸರ್ಕಾರಿ ಕಾಗದದ ಆ ಒಂದು ಸಾಲಿನ ಮುಂದೆ ನಿಮ್ಮ ಎರಡು ಪುಟ ಸಪ್ಪೆ.

ವೈಲಿಯ ‘ಲಾಸ್ಟ್ ಕೈಂಡ್ ವರ್ಡ್ಸ್ ಬ್ಲೂಸ್’ ಹಾಡಿನ ಬಗ್ಗೆ ಬರೆದ ಅರ್ಧ ಪುಟ ಮಾತ್ರ ನನಗೆ ತುಂಬಾ ಹಿಡಿಸಿತು. ಕರಕರದ ನಡುವೆ ಮೊದಲು ಗಿಟಾರ್. ಆಮೇಲೆ ಅವಸರವೇ ಇಲ್ಲದ ದನಿ. ಯುದ್ಧದಲ್ಲಿ ಸತ್ತರೆ ಹೆಣವನ್ನು ಏನು ಮಾಡಬೇಕು ಅಂತ ಹೇಳಿ ಹೋದವನ ಮಾತು. ಅಲ್ಲಿ ನೀವು ಕಿವಿಗೊಟ್ಟು ಕೇಳಿ ಬರೆದಿದ್ದೀರಿ, ‘ದೈವದತ್ತ ಕಂಠ’ದ ಕಾಟವಿಲ್ಲ. ಬೇರೆಡೆ ಆ ಮಾತು ಪುಟಪುಟಕ್ಕೂ ಬರುತ್ತದೆ. ಲೇಖನ ಈ ಅರ್ಧ ಪುಟದಿಂದಲೇ ಶುರುವಾಗಲಿ. ಉಳಿದ ಐದು ಹಾಡನ್ನೂ ಹೀಗೇ ಕೂತು ಕೇಳಿ. ಒಂದೊಂದು ಮೂರು ನಿಮಿಷದ್ದು, ಜಾಸ್ತಿ ಹೊತ್ತೇನೂ ಹಿಡಿಯುವುದಿಲ್ಲ.

ತಿದ್ದಿದ್ದು ಸಾವಿರದಿನ್ನೂರು ಪದ ದಾಟದಿರಲಿ. ಜೊತೆಗೆ ಕಳಿಸಿದ ಫೋಟೋ ವೈಲಿಯದು ಅನ್ನುವುದಕ್ಕೆ ಆಧಾರವಿಲ್ಲ. ಅದನ್ನು ಹಾಕುವುದಿಲ್ಲ.

ಇಂತಿ,
ಸಂಪಾದಕ