ಚರ್ಚಿಲ್ ಬೆಂಗಳೂರಲ್ಲಿ ಓದಿದ್ದೇನು?

ಪ್ರಶ್ನೆ: ಎರಡನೇ ಮಹಾಯುದ್ಧದ ಸಮಯದ ಬ್ರಿಟನ್ ಪ್ರಧಾನಿ ಚರ್ಚಿಲ್ ಭಾಷಣಗಳ ಹಿಂದೆ ಆತನ ಓದು ಇತ್ತು ಅಂತಾರೆ. ಸಾಹಿತ್ಯ ಆತನ ರಾಜಕೀಯ ಯೋಚನೆಯನ್ನೇ ರೂಪಿಸಿತ್ತಾ, ಇಲ್ಲ ಮಾತಿಗೆ ಒಗ್ಗರಣೆ ಹಾಕಿತ್ತಷ್ಟೇನಾ?

ಉತ್ತರ: ಬರೀ ಒಗ್ಗರಣೆ ಅಲ್ಲ. ಆ ಯೋಚನೆ ಹದಗೊಂಡದ್ದೇ ಓದಿನಲ್ಲಿ, ಅದೂ ನಮ್ಮ ಬೆಂಗಳೂರಿನಲ್ಲಿ.

1896ರಲ್ಲಿ ಕುದುರೆ ಪಡೆಯ ಅಧಿಕಾರಿಯಾಗಿ ಬೆಂಗಳೂರಿನ ದಂಡಿಗೆ (ಕಂಟೋನ್ಮೆಂಟಿಗೆ) ಬಂದಾಗ ಚರ್ಚಿಲ್‌ಗೆ 21 ವರ್ಷ. ಬೆಳಿಗ್ಗೆ ಕವಾಯತು, ಸಂಜೆ ಪೋಲೊ. ನಡುವಿನ ಬಿಸಿಲ ಹೊತ್ತು ಪೂರಾ ಖಾಲಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿಲ್ಲವೆಂಬ ಕೊರಗು ಬೇರೆ. ಅಮ್ಮನಿಂದ ಪುಸ್ತಕ ತರಿಸಿಕೊಂಡ. ದಿನಕ್ಕೆ ಇತಿಹಾಸಕಾರರಾದ ಮೆಕಾಲೆಯ 50 ಪುಟ, ಗಿಬ್ಬನ್‌ನ 25 ಪುಟ. ಗಿಬ್ಬನ್ ಬರೆದದ್ದು ರೋಮ್ ಸಾಮ್ರಾಜ್ಯ ಕುಸಿದ ಕಥೆ. ಅದನ್ನು ಸಂಪಾದಿಸಿದ ಪಾದ್ರಿ ಅಲ್ಲಲ್ಲಿ ಗಿಬ್ಬನ್‌ನ ತಪ್ಪು ಹಿಡಿದರೆ, ಈತ ಗಿಬ್ಬನ್ ಪರ ವಹಿಸಿ ಪುಟದ ಅಂಚಿನಲ್ಲಿ ಗೀಚುತ್ತಿದ್ದ. (ಜನ ನೆನಪಿಟ್ಟುಕೊಂಡಿರುವುದು ಮಾತ್ರ ಬೆಂಗಳೂರು ಕ್ಲಬ್ಬಿಗೆ ಆತ ಕೊಡದೆ ಉಳಿಸಿದ 13 ರೂಪಾಯಿ ಬಾಕಿಯನ್ನು!)

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ಅಭ್ಯಾಸ. 'ಆನ್ಯುಯಲ್ ರಿಜಿಸ್ಟರ್' ಅಂದರೆ ಬ್ರಿಟನ್ನಿನ ವರ್ಷವರ್ಷದ ಆಗುಹೋಗುಗಳ ದಾಖಲೆ. ಅದರಲ್ಲಿ ಯಾವುದೋ ಹಳೆಯ ಮಸೂದೆ ಸಿಕ್ಕಿತು ಅನ್ನಿ. ಸಂಸತ್ತಿನ ಚರ್ಚೆ ಓದುವ ಮುಂಚೆಯೇ, ತಾನಾಗಿದ್ದರೆ ಏನು ಹೇಳುತ್ತಿದ್ದೆ, ಯಾವ ಕಡೆ ಮತ ಹಾಕುತ್ತಿದ್ದೆ ಅಂತ ಬರೆದಿಡುತ್ತಿದ್ದ. ಸಂಸತ್ತಿಗೆ ಆಯ್ಕೆಯಾದದ್ದು 1900ರಲ್ಲಿ, ತಾಲೀಮು ಆಗಲೇ ಮುಗಿದಿತ್ತು.

ಅದೇ ದಿನಗಳಲ್ಲಿ 'ಸಾವ್ರೊಲಾ' ಎಂಬ ಕಾದಂಬರಿಗೂ ಕೈ ಹಾಕಿದ. ಸರ್ವಾಧಿಕಾರಿಯ ಎದುರು ಮಾತಿನ ಬಲದಿಂದಲೇ ಜನರನ್ನು ಎಬ್ಬಿಸುವ ನಾಯಕನ ಕಥೆ. ಕಾದಂಬರಿಯಾಗಿ ಅಷ್ಟಕ್ಕಷ್ಟೇ. ಓದಬೇಡಿ ಅಂತ ಗೆಳೆಯರಿಗೆ ಆತನೇ ಹೇಳುತ್ತಿದ್ದನಂತೆ! ಆದರೆ 1940ರಲ್ಲಿ ಹಿಟ್ಲರ್ ಎದುರು ನಿಂತಾಗ ಆ ಪಾತ್ರ ಆತನಿಗೆ ಹೊಸದೇನಲ್ಲ, ಅಲ್ವಾ? ಜೂನ್ 18ರ ಭಾಷಣ ನೋಡಿ. ಫ್ರಾನ್ಸ್ ಕೈಬಿಟ್ಟುಹೋಗಿದೆ, ಈತ ಮಾತಾಡುವುದು ಬ್ರಿಟಿಷ್ ಸಾಮ್ರಾಜ್ಯ ಸಾವಿರ ವರ್ಷ ಬಾಳಿದರೆ ಮುಂದಿನವರು ಏನನ್ನುತ್ತಾರೆ ಅಂತ. ಅದು ಗಿಬ್ಬನ್ ಓದಿದವನ ಅಳತೆಗೋಲು.

ನಮಗೆ ಕಹಿಯಾದದ್ದೂ ಅದೇ ಅಳತೆಗೋಲು. ಸಾಮ್ರಾಜ್ಯ ಸಡಿಲವಾದರೆ ನಾಗರಿಕತೆಯೇ ಕುಸಿಯುತ್ತದೆ ಎಂದು ನಂಬಿದವನಿಗೆ ಭಾರತದ ಸ್ವರಾಜ್ಯ ಹೇಗೆ ಹಿಡಿಸೀತು? ಭಾರತೀಯರಿಗೆ ಒಂದಿಷ್ಟು ಅಧಿಕಾರ ಕೊಡುವ 1935ರ ಕಾಯ್ದೆಯನ್ನು ವರ್ಷಗಟ್ಟಲೆ ವಿರೋಧಿಸಿದ. ಬೆಂಗಳೂರಲ್ಲಿ ಏನೇನು ಓದಿದೆ ಅಂತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಪ್ಲೇಟೋ, ಡಾರ್ವಿನ್, ಮಾಲ್ಥಸ್ ಎಲ್ಲರೂ ಇದ್ದಾರೆ. ಭಾರತೀಯರು ಬರೆದ ಒಂದು ಪುಸ್ತಕವೂ ಅಲ್ಲಿಲ್ಲ.