ತಿಳಿಸುವುದು ಬೇರೆ, ನಂಬಿಸುವುದು ಬೇರೆ

(ಪತ್ರದ ಸಾರ: ಓದುಗರೊಬ್ಬರು ಶಿಕ್ಷಕ ತರಬೇತಿ ಪಡೆಯುತ್ತಿದ್ದಾರೆ. ಅವರಿಗೆ ದೇವರಲ್ಲಿ ನಂಬಿಕೆಯಿಲ್ಲ. ಧರ್ಮಶಿಕ್ಷಣದ ಪತ್ರಿಕೆ ಅಲ್ಲಿ ಕಡ್ಡಾಯ. ಅಭ್ಯಾಸ ಬೋಧನೆಯಲ್ಲಿ ಮಕ್ಕಳಿಂದ ಪ್ರಾರ್ಥನೆ ಮಾಡಿಸಬೇಕು. ಇಡೀ ಪತ್ರಿಕೆಯನ್ನೇ ನಿರಾಕರಿಸಬಹುದೇ, ಇಲ್ಲವೇ ನಟಿಸಿ ಅಂಕ ಪಡೆಯಲೇ ಎಂದು ಕೇಳಿದ್ದಾರೆ. ಎಲ್ಲಿ ಓದುತ್ತಿದ್ದಾರೆಂದು ಬರೆದಿಲ್ಲ.)

ಸಂಪಾದಕರ ಉತ್ತರ:

ಇಡೀ ಪತ್ರಿಕೆಯನ್ನು ನಿರಾಕರಿಸುವ ನಿಮ್ಮ ಯೋಚನೆಗೆ ನನ್ನ ಒಪ್ಪಿಗೆಯಿಲ್ಲ. ನಾಳೆ ನಿಮ್ಮ ತರಗತಿಯಲ್ಲಿ ಉಪವಾಸವಿದ್ದು ಬಂದ ಮಗು ಇರುತ್ತದೆ, ಮನೆಯಲ್ಲಿ ಸೂತಕವಿರುವ ಮಗು ಇರುತ್ತದೆ. ಆ ಮಕ್ಕಳ ಮನೆಯ ಬದುಕನ್ನು ಅರಿಯದೆ ಶಿಕ್ಷಕರಾಗುವುದು ಹೇಗೆ? ಧರ್ಮಗಳ ಬಗ್ಗೆ ಕಲಿಸುವುದು ಧರ್ಮಬೋಧನೆಯಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2002ರಲ್ಲಿ, ಶಾಲಾ ಪಠ್ಯಕ್ರಮದ ಮೊಕದ್ದಮೆಯೊಂದರಲ್ಲಿ ಹೇಳಿತು. ಅದು ನನಗೂ ಸರಿಯೆನಿಸುತ್ತದೆ. ಈ ಅಳತೆ ಆಸ್ತಿಕರಿಗೂ ಅನ್ವಯಿಸಬೇಕು: ಬೇರೆ ಧರ್ಮದ ಪರಿಚಯ ಪಾಠವನ್ನು ಮಾಡುವುದಿಲ್ಲ ಎನ್ನುವ ಪ್ರಶಿಕ್ಷಣಾರ್ಥಿಗೂ ವಿನಾಯಿತಿ ಸಲ್ಲದು.

ಪ್ರಾರ್ಥನೆ ಮಾಡಿಸುವುದು ಮಾತ್ರ ಬೇರೆಯೇ ಕೆಲಸ. ಅಲ್ಲಿ ನಿಮ್ಮಿಂದ ಕೇಳುತ್ತಿರುವುದು ತಿಳಿವಳಿಕೆಯನ್ನಲ್ಲ, ನಂಬಿಕೆಯ ಪ್ರದರ್ಶನವನ್ನು. ಜರ್ಮನಿಯ 1949ರ ಸಂವಿಧಾನದ 7ನೇ ವಿಧಿ, ಯಾವ ಶಿಕ್ಷಕರನ್ನೂ ಅವರ ಇಚ್ಛೆಗೆ ವಿರುದ್ಧವಾಗಿ ಧರ್ಮಬೋಧನೆಗೆ ಬಲವಂತಪಡಿಸಬಾರದೆಂದು ನೇರವಾಗಿಯೇ ಹೇಳುತ್ತದೆ. ಇಷ್ಟು ಬಿಚ್ಚು ಮಾತಿನ ಕಾನೂನು ಅಪರೂಪ. ಸಾಮಾನ್ಯವಾಗಿ ವಿನಾಯಿತಿ ಮೊದಲು ಮಗುವಿಗೆ ಸಿಗುತ್ತದೆ. ಶಿಕ್ಷಕರ ನೆನಪು ಆಮೇಲೆ. ಇಂಗ್ಲೆಂಡಿನ 1870ರ ಕಾಯ್ದೆಯಲ್ಲಿ ಮಗುವನ್ನು ಧರ್ಮದ ತರಗತಿಯಿಂದ ಹೊರಗಿಡುವ ಹಕ್ಕು ಪೋಷಕರಿಗೆ ಸಿಕ್ಕಿತು. ಸ್ಥಳೀಯ ಆಡಳಿತದ ಶಾಲೆಗಳಲ್ಲಿ ಧರ್ಮಬೋಧನೆ ಮಾಡದ ಶಿಕ್ಷಕರ ಸಂಬಳಕ್ಕೆ ಕತ್ತರಿ ಹಾಕಬಾರದೆಂಬ ಮಾತು 1944ರ ಕಾಯ್ದೆಯಲ್ಲಿ ಬಂತು.

ಕಾನೂನಿನಲ್ಲಿ ಬಲವಂತವಿಲ್ಲದಿದ್ದರೂ ಬಲವಂತ ನಡೆಯಬಹುದು ಎಂಬುದಕ್ಕೆ ಐರ್ಲೆಂಡನ್ನು ನೋಡಿ. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಕ್ಯಾಥೊಲಿಕ್ ಆಡಳಿತದಲ್ಲಿವೆ. ಅಲ್ಲಿ ಪಾಠ ಮಾಡಲು ಧರ್ಮಾಧ್ಯಯನದ ಪ್ರಮಾಣಪತ್ರ ಕೇಳುತ್ತಾರೆ. ಆ ಪತ್ರಿಕೆ ಓದುವುದು ನಿಮ್ಮ ಆಯ್ಕೆ ಎನ್ನಬಹುದು. ಓದದವರಿಗೆ ಉಳಿಯುವ ಕೆಲಸಗಳು ಎಷ್ಟು? ತರಬೇತಿಯ ಹಂತದಲ್ಲಿ ಆತ್ಮಸಾಕ್ಷಿಯ ಪ್ರಶ್ನೆ ಬಹುತೇಕ ಹೊಟ್ಟೆಪಾಡಿನ ಪ್ರಶ್ನೆಯೇ ಆಗಿರುತ್ತದೆ. ಇದನ್ನು ಮರೆತು "ಇಷ್ಟವಿಲ್ಲದಿದ್ದರೆ ಬೇರೆ ವೃತ್ತಿ ನೋಡಿಕೊಳ್ಳಲಿ" ಎನ್ನುವವರ ಬಗ್ಗೆ ನನಗೆ ತಾಳ್ಮೆ ಕಡಿಮೆ.

ನೀವು ಭಾರತದಲ್ಲಿದ್ದರೆ ಸಂವಿಧಾನದ 28(3)ನೇ ವಿಧಿಯನ್ನು ಓದಿಕೊಳ್ಳಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಗೆ ಹಾಜರಾಗುವ ಯಾರನ್ನೂ ಅವರ ಸಮ್ಮತಿಯಿಲ್ಲದೆ ಧರ್ಮಬೋಧನೆಯಲ್ಲಾಗಲಿ ಪೂಜೆ-ಪ್ರಾರ್ಥನೆಯಲ್ಲಾಗಲಿ ಪಾಲ್ಗೊಳ್ಳಿ ಎನ್ನುವಂತಿಲ್ಲ. ಪ್ರಶಿಕ್ಷಣಾರ್ಥಿಯಾದ ನೀವು ಇಂದು ವಿದ್ಯಾರ್ಥಿಯೂ ಹೌದು, ವಯಸ್ಕರೂ ಹೌದು. ಆ ಸಮ್ಮತಿ ಕೊಡುವುದೂ ಬಿಡುವುದೂ ನಿಮಗೇ ಸೇರಿದ್ದು.

ಇನ್ನು ನಟಿಸುವ ವಿಚಾರ. ಇದನ್ನು ನಿಮಗಿಂತ ಮೊದಲು ಭಕ್ತರು ವಿರೋಧಿಸಬೇಕಿತ್ತು! ಅಂಕಕ್ಕಾಗಿ ಕಣ್ಣು ಮುಚ್ಚಿ ನಿಂತವರಿಂದ ತಮ್ಮ ಮಕ್ಕಳು ಪ್ರಾರ್ಥನೆ ಕಲಿಯಲಿ ಎಂದು ಯಾವ ಶ್ರದ್ಧಾವಂತರು ಬಯಸುತ್ತಾರೆ? ಮಕ್ಕಳಂತೂ ಇಂಥದ್ದನ್ನು ಬೇಗ ಕಂಡುಹಿಡಿಯುತ್ತಾರೆ.

ನಿಮ್ಮ ನಿರಾಕರಣೆಗೆ ಬೆಲೆಯೂ ಇದೆ. ನೀವು ಬಿಟ್ಟ ಪಾಠ ಸಹಪಾಠಿಯ ಹೆಗಲಿಗೆ ಬೀಳಬಹುದು. ಬದಲಿಗೆ ಅವರ ಒಂದು ಪಾಠವನ್ನು ನೀವು ವಹಿಸಿಕೊಳ್ಳಿ.

ಅಭ್ಯಾಸ ಬೋಧನೆ ಶುರುವಾಗುವ ಮುಂಚೆಯೇ ಪ್ರಾಂಶುಪಾಲರಿಗೆ ಪತ್ರ ಕೊಡಿ. ದೇವರು ಇದ್ದಾನೋ ಇಲ್ಲವೋ ಎಂಬ ವಾದ ಅದರಲ್ಲಿ ಬೇಡ. ಪತ್ರಿಕೆಯನ್ನು ಓದುತ್ತೇನೆ, ಪರೀಕ್ಷೆ ಬರೆಯುತ್ತೇನೆ, ಪ್ರಾರ್ಥನೆಯನ್ನು ಮಾತ್ರ ಮಾಡಿಸಲಾರೆ ಎಂದಷ್ಟೇ ಬರೆಯಿರಿ. ಜೊತೆಗೆ ಬೇರೊಂದು ಪಾಠಯೋಜನೆ ಲಗತ್ತಿಸಿ: ಒಂದು ಹಬ್ಬವನ್ನು ಜನ ಏಕೆ, ಹೇಗೆ ಆಚರಿಸುತ್ತಾರೆ ಎಂಬುದರ ಮೇಲೆ ಇರಲಿ. ಸ್ವೀಕೃತಿಯ ಸಹಿ ಪಡೆದು, ಉತ್ತರವನ್ನೂ ಬರಹದಲ್ಲೇ ಕೇಳಿ.